ಮೇಜಿನ ಮೇಲೆ ನಿಲ್ಲಿಸಿದ ಸೀಮೆಸುಣ್ಣ

1991ರ ಜುಲೈ 8, ಸೋಮವಾರ, ಬೆಳಿಗ್ಗೆ 10.40. ಶಿಕ್ಷಕರ ತರಬೇತಿಯ ಭಾಗವಾಗಿ ಮಸ್ಕಿಯ ಒಂದು ಶಾಲೆಯ ನಾಲ್ಕನೇ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತೆ. ಮಾಸ್ತರರು ಸೀಮೆಸುಣ್ಣವೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ನಲವತ್ತೆರಡು ಮಕ್ಕಳೂ ಒಮ್ಮೆಲೇ ಸುಮ್ಮನಾದರು.

“ಗಂಟಿ ಬಾರಿಸಿದ್ರ ನಾಯಿ ಬಾಯಾಗ ನೀರು ಬರ್ತಾವಂತ ಓದೀರಲ್ರೀ ಅಕ್ಕಾರ? ಇದೂ ಹಂಗ. ರೂಢಿರೀ, ಬರೀ ರೂಢಿ,” ಎಂದು ನಕ್ಕರು.

ಅವರು ಬೆತ್ತ ಮುಟ್ಟಿದ್ದನ್ನು ನಾನು ನೋಡಲಿಲ್ಲ. “ಬರೀ ರೂಢಿ” ಎಂದು ಮಾತ್ರ ದಿನಕ್ಕೆ ಐದಾರು ಸಲ ಹೇಳುತ್ತಿದ್ದರು, ಎಣಿಸಿ ಬರೆದಿಟ್ಟಿದ್ದೇನೆ.

ಹನ್ನೊಂದನೆಯ ದಿನ ಸೀಮೆಸುಣ್ಣ ನಿಲ್ಲಿಸಿ ಅವರು ಆಫೀಸಿಗೆ ಹೋದರು. ಸ್ವಲ್ಪ ಹೊತ್ತಿಗೆ ಮಕ್ಕಳೆಲ್ಲರ ತಲೆ ಒಂದೇ ಕಡೆ ತಿರುಗಿತು. ಮುಂದಿನ ಸಾಲಿನ ಹುಡುಗಿಯ ಪಾದದ ಮೇಲೆ ಚೇಳು ಹತ್ತಿತ್ತು. ಯಾರೂ ಕೂಗಲಿಲ್ಲ. ಕೂಗಬೇಕೆಂದು ಎದ್ದು ನಿಂತ ನನಗೂ ದನಿ ಹೊರಡಲಿಲ್ಲ.

ಮಾಸ್ತರರು ಬಂದು ಡಸ್ಟರಿನಿಂದ ಅದನ್ನು ಕೆಡವುವಷ್ಟರಲ್ಲಿ ಕುಟುಕಿಯಾಗಿತ್ತು. ಹುಡುಗಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮುಚ್ಚಿಯೇ ಇತ್ತು.

“ಯಾಕ ಒದರಲಿಲ್ಲವ್ವಾ?”

ಅವಳು ಮೇಜಿನ ಕಡೆ ಬೆರಳು ತೋರಿಸಿದಳು.

ಮಾಸ್ತರರು ಸೀಮೆಸುಣ್ಣವನ್ನು ಕಿಟಕಿಯಾಚೆ ಎಸೆದು, ಅವಳನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಹೊರಟರು. ಬಾಗಿಲಲ್ಲಿ ತಿರುಗಿ, “ಒದರ್ರೋ! ಗದ್ದಲ ಮಾಡ್ರೋ, ನಿಮ್ಮ ಕಾಲು ಬೀಳ್ತೀನಿ!” ಎಂದು ಬೇಡಿಕೊಂಡರು. ಮಕ್ಕಳು ಕೈಕಟ್ಟಿ ಖಾಲಿ ಮೇಜನ್ನೇ ನೋಡುತ್ತಿದ್ದರು.

ಹುಡುಗಿ ಉಳಿದಳು. ಮಾಸ್ತರರು ಮತ್ತೆ ಶಾಲೆಗೆ ಬರಲಿಲ್ಲ. ನನ್ನ ತರಬೇತಿಯ ಉಳಿದ ಒಂಬತ್ತು ದಿನ ಆ ಕೋಣೆಯಲ್ಲಿ ಒಂದು ಪಿಸುಮಾತೂ ಕೇಳಲಿಲ್ಲ. ಆ ಮಕ್ಕಳು ಮುಂದೆ ಎಂದಾದರೂ ಗದ್ದಲ ಮಾಡಿದ್ದನ್ನು ಕೇಳಿದವರಿದ್ದರೆ, ದಯವಿಟ್ಟು ನನಗೆ ಬರೆಯಿರಿ.