ಕೇಳಿ ಕಲಿತವಳು

ಮನೆಯಲ್ಲಿ ಎಲ್ಲರೂ ಅವಳನ್ನು ಗಿಳಿ ಎನ್ನುತ್ತಿದ್ದರು. ಇನ್ನೂ ಸರಿಯಾಗಿ ನಡೆಯಲು ಬಾರದ ವಯಸ್ಸಿನಲ್ಲೇ ರೇಡಿಯೋದ ವಾರ್ತೆಯನ್ನು, ಓದುವವರ ಕೆಮ್ಮಿನ ಸಮೇತ ಒಪ್ಪಿಸಿ ನೆಂಟರನ್ನು ನಗಿಸಿದ್ದಕ್ಕೆ ಅಂಟಿಕೊಂಡ ಹೆಸರು. ಆದರೆ ಅವಳದು ಬರೀ ಗಿಳಿಪಾಠವಲ್ಲ. ಕೇಳಿದ್ದನ್ನು ಬಿಚ್ಚಿ, ತಿರುವಿ, ಮತ್ತೆ ಜೋಡಿಸಿ ನೋಡುವ ತಲೆ. ಅಪ್ಪ ಗೂಡ್ಸ್ ರೈಲಿನ ಚಾಲಕ. ಡ್ಯೂಟಿ ಮುಗಿಸಿ ಬಂದು ಮಲಗಿದವನನ್ನು ಎಬ್ಬಿಸಿ, "ಅಪ್ಪಾ, ತುಂಬಿದ ರೈಲು ನಿಲ್ಲೋಕೆ ಜಾಸ್ತಿ ದೂರ ಬೇಕು ಸರಿ. ಆದ್ರೆ ಭಾರ ಜಾಸ್ತಿ ಇದ್ರೆ ಚಕ್ರ ಹಳೀನ ಗಟ್ಟಿಯಾಗಿ ಕಚ್ಚಬೇಕಲ್ವಾ?" ಎಂದು ಕೇಳಿದಾಗ ಅವಳಿಗೆ ಏಳು ವರ್ಷ. ಅಪ್ಪ ಕಣ್ಣುಜ್ಜಿಕೊಂಡು, "ನಾಳೆ ಹೇಳ್ತೀನಿ ಮಗಳೇ" ಎಂದು ಮಗ್ಗುಲಾದ. ಆದರೆ ಅವನಿಗೆ ಮತ್ತೆ ನಿದ್ದೆ ಹತ್ತಲಿಲ್ಲ.

ಊರಿನಲ್ಲಿ ಚುರುಕು ಮಕ್ಕಳನ್ನು ಆರಿಸಿ ತೆಗೆದುಕೊಳ್ಳುವ ಶಾಲೆಯೊಂದಿತ್ತು. ಪ್ರವೇಶಕ್ಕೆ ಆಕಾರಗಳನ್ನು ಜೋಡಿಸುವ ಆಟ, ಬಾಯಿಮಾತಿನ ಲೆಕ್ಕ, ಎದುರು ಕೂತವರ ಪ್ರಶ್ನೆ, ಇಷ್ಟೇ. ಗಿಳಿ ನೀರು ಕುಡಿದಷ್ಟು ಸಲೀಸಾಗಿ ಒಳಗೆ ಹೋದಳು. ಅವಳಿಗೆ ಓದಲು ಬರುವುದಿಲ್ಲ ಎಂಬುದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಒಂದೊಂದೇ ಅಕ್ಷರ ತೋರಿಸಿದರೆ ಹೇಳುತ್ತಿದ್ದಳು. ಅವು ಸೇರಿ ಪದವಾದರೆ ಮುಗಿಯಿತು. ತಲೆ ಹಿಡಿದರೆ ಬಾಲ ಜಾರುತ್ತಿತ್ತು, ಬಾಲ ಹಿಡಿದರೆ ತಲೆ ಮರೆಯುತ್ತಿತ್ತು. ಈ ಗುಟ್ಟು ತಿಳಿದಿದ್ದದ್ದು ಅಣ್ಣನಿಗೆ ಒಬ್ಬನಿಗೇ. ಅವಳ ಪಾಠಗಳನ್ನು ಅವನು ಜೋರಾಗಿ ಓದುತ್ತಿದ್ದ, ಅವನ ಬೀಜಗಣಿತವನ್ನು ಇವಳು ಬಿಡಿಸಿಕೊಡುತ್ತಿದ್ದಳು. ಅಮ್ಮ ಸಮವಸ್ತ್ರ ಹೊಲಿಯುವ ಕಾರ್ಖಾನೆಯಿಂದ ಬೆನ್ನು ನೀವಿಕೊಳ್ಳುತ್ತಾ ಬಂದರೆ, ಒಂದೇ ಪುಸ್ತಕದ ಮೇಲೆ ಎರಡು ತಲೆ. "ದೃಷ್ಟಿಯಾಗದಿರಲಿ" ಎಂದುಕೊಂಡು ಒಲೆ ಹಚ್ಚುತ್ತಿದ್ದಳು.

ತರಗತಿಯಲ್ಲಿ ಗಿಳಿ ಒಂದು ಸಲ ಕೇಳಿದ ಪಾಠವನ್ನು ಪುಸ್ತಕ ಹಿಡಿದು, ಸರಿಯಾದ ಕಡೆ ಪುಟ ಮಗುಚಿ, "ಓದುತ್ತಿದ್ದಳು". ಕೇಳದ ಪಾಠ ಬಂದರೆ ಹೊಟ್ಟೆನೋವು, ಇಲ್ಲವೇ ಟೀಚರ್ ದಾರಿ ತಪ್ಪುವಂಥ ಒಂದು ಪ್ರಶ್ನೆ. ಪರೀಕ್ಷೆಯಲ್ಲಿ ಕೈ ಎತ್ತಿ, "ಮಿಸ್, ಈ ಪ್ರಶ್ನೆ ಅರ್ಥ ಆಗ್ಲಿಲ್ಲ" ಎಂದರೆ ಅವರೇ ಓದಿಬಿಡುತ್ತಿದ್ದರು. ಬರೆದ ಉತ್ತರ ಮಾತ್ರ ಕೋಳಿ ಕೆದರಿದ ಹಾಗೆ. ಪ್ರತಿ ವರ್ಷವೂ ಒಂದೇ ಮಾತು: "ಬುದ್ಧಿ ಬೇಕಾದಷ್ಟಿದೆ, ಶ್ರದ್ಧೆ ಇಲ್ಲ."

"ಅಮ್ಮನಿಗೆ ಹೇಳಿಬಿಡೋಣ ಕಣೇ" ಎಂದು ಅಣ್ಣ ಎಷ್ಟೋ ಸಲ ಅಂದಿದ್ದ.

"ಹೇಳಿದ್ರೆ ನನ್ನ ಅಲ್ಲಿಂದ ತೆಗೀತಾರೆ. ನಾನು ಏನಾದ್ರೂ ಕೇಳಿದ್ರೆ ಯಾರೂ ನಗದೇ ಇರೋ ಜಾಗ ಅದೊಂದೇ ಅಣ್ಣಾ."

ಹಾಗೆ ಹನ್ನೆರಡನೇ ವಯಸ್ಸಿನವರೆಗೂ ಅವಳು ಹಗ್ಗದ ಮೇಲೆ ನಡೆದಳು. ಬೆಳಿಗ್ಗೆ ಶಾಲೆಯ ಗೇಟು ಕಂಡೊಡನೆ ಒಂದೇ ಯೋಚನೆ: ಇವತ್ತು ಯಾವ ಹಾಳೆ ಎದುರಿಗೆ ಬರುತ್ತದೋ?

ವಿಜ್ಞಾನದ ಲ್ಯಾಬಿನಲ್ಲಿ ಮಾತ್ರ ಅವಳಿಗೆ ಉಸಿರು ಸರಾಗ. ಅಲ್ಲಿ ಓದುವುದಕ್ಕಿಂತ ನೋಡುವುದೇ ಹೆಚ್ಚು. ಕಪಾಟಿನ ಸೀಸೆಗಳನ್ನು ಅವಳು ಜಾಗದಿಂದ, ವಾಸನೆಯಿಂದ ಗುರುತು ಇಟ್ಟುಕೊಂಡಿದ್ದಳು. ಕೆಳಗಿನ ಸಾಲಿನ ಎಡತುದಿಯಲ್ಲಿ ನೀರು, ಮೇಲಿನ ಸಾಲಿನಲ್ಲಿ ಸ್ಪಿರಿಟ್. ಆ ವಾರ ಹೊಸ ಅಟೆಂಡರ್ ಬಂದಿದ್ದರು. ಅರ್ಧ ನರೆತ ಮೀಸೆಯ, ಮೆಲುದನಿಯ ಮನುಷ್ಯ. ಕಪಾಟನ್ನೆಲ್ಲ ಒರೆಸಿ, ಸೀಸೆಗಳನ್ನು ತೊಳೆದು, ಹೊಸ ಚೀಟಿ ಅಂಟಿಸಿ, ತಮಗೆ ಸರಿ ಕಂಡ ಹಾಗೆ ಜೋಡಿಸಿಟ್ಟಿದ್ದರು. ಗಿಳಿಗೆ ಆ ದಿನ ನೆಗಡಿಯಾಗಿ ಮೂಗು ಕಟ್ಟಿತ್ತು.

ದೀಪದ ಮೇಲೆ ಬೀಕರ್ ಕಾಯುತ್ತಿತ್ತು. ಜೊತೆಯ ಹುಡುಗಿ ಥರ್ಮಾಮೀಟರ್ ಹಿಡಿದು ಬಗ್ಗಿದ್ದಳು. ಬಿಳಿ ಜಡೆಪಟ್ಟಿಯ, ಸದಾ ನಗುವ ಹುಡುಗಿ. "ನೀರು ಕಮ್ಮಿಯಾಯ್ತು, ಸ್ವಲ್ಪ ಹಾಕೇ" ಎಂದಳು. ಗಿಳಿ ಎಡತುದಿಯ ಸೀಸೆ ತಂದು ಬಗ್ಗಿಸಿದಳು.

ಭುಸ್ ಎಂದಿತು. ನೀಲಿ ಬೆಂಕಿಯ ನಾಲಗೆಯೊಂದು ಬೀಕರಿನಿಂದೆದ್ದು ಮೇಜಿನ ಮೇಲೆ ಹರಿಯಿತು. ಹುಡುಗಿಯ ಅಂಗಿತೋಳಿನ ಅಂಚಿಗೆ ಹತ್ತಿತು. ಅವಳು ಚೀರಿದಳು. ಗಿಳಿಯ ಕೈಯಿಂದ ಸೀಸೆ ಜಾರುವುದಕ್ಕೂ ಅಟೆಂಡರ್ ಹಾರಿ ಬಂದು ಅದನ್ನು ಹಿಡಿಯುವುದಕ್ಕೂ ಸರಿಹೋಯಿತು. ಅದು ನೆಲಕ್ಕೆ ಬಿದ್ದು ಒಡೆದಿದ್ದರೆ ಏನಾಗುತ್ತಿತ್ತೋ! ಒಂದು ಕೈಯಲ್ಲಿ ಸೀಸೆಯನ್ನು ದೂರ ತಳ್ಳಿ, ಇನ್ನೊಂದರಲ್ಲಿ ನೆನೆದ ಒರೆಸುಬಟ್ಟೆಯನ್ನು ಹುಡುಗಿಯ ತೋಳಿಗೆ ಸುತ್ತಿದರು. ಬೆಂಕಿ ಆರಿತು. ಮಣಿಕಟ್ಟಿನ ಚರ್ಮ ಕೆಂಪಾಗಿ ಉಬ್ಬಿತ್ತು.

"ಇಲ್ಲಿ ಸ್ಪಿರಿಟ್ ಇಟ್ಟೋರು ಯಾರು?" ವಿಜ್ಞಾನದ ಮೇಡಂ ಓಡಿ ಬಂದರು.

ಅಟೆಂಡರ್ ತಲೆ ತಗ್ಗಿಸಿದರು. "ನಾನೇ ಮೇಡಂ. ಆದ್ರೆ ಕೆಂಪಕ್ಷರದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೆ."

ಗಿಳಿ ಆ ಚೀಟಿಯಿಂದ ಕಣ್ಣು ತಪ್ಪಿಸಿದಳು.

ಮರುದಿನ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಅಮ್ಮನನ್ನೂ ಕರೆಸಿದ್ದರು. ಹೊರಗಿನ ಬೆಂಚಿನ ಮೇಲೆ ಅಟೆಂಡರ್ ಕೂತಿದ್ದರು. ಕಾಲ ಬಳಿ ಕೈಚೀಲ, ಅದರೊಳಗೆ ಮಡಿಸಿದ ಶಾಲೆಯ ನೀಲಿ ಕೋಟು. ಗಿಳಿಯನ್ನು ಕಂಡು, "ಹೆದರಬೇಡ ಮರಿ, ನಿಂದೇನೂ ತಪ್ಪಿಲ್ಲ. ಜಾಗ ಬದಲಾಯಿಸಿದ್ದು ನಾನು" ಎಂದರು.

ಗಿಳಿ ಆ ಕೋಟನ್ನೇ ನೋಡಿದಳು. ಸುಮ್ಮನಿದ್ದರೆ ಸಾಕು, ಎಲ್ಲ ಮುಗಿದುಹೋಗುತ್ತದೆ. ಇವರು ಹೋಗುತ್ತಾರೆ, ನಾನು ಉಳಿಯುತ್ತೇನೆ.

ಒಳಗೆ ಮುಖ್ಯೋಪಾಧ್ಯಾಯಿನಿ ಅಮ್ಮನಿಗೆ ಸಮಾಧಾನ ಹೇಳುತ್ತಿದ್ದರು. "ನಿಮ್ಮ ಮಗಳು ಗಾಬರಿ ಆಗೋದು ಬೇಡ. ಆ ಮನುಷ್ಯನನ್ನ ತೆಗೀತಾ ಇದೀವಿ."

"ಅವರನ್ನ ತೆಗೀಬೇಡಿ ಮಿಸ್." ಗಿಳಿ ಬಾಗಿಲು ತಳ್ಳಿ ಒಳಗೆ ಬಂದಿದ್ದಳು. "ಚೀಟಿ ಸರಿಯಾಗೇ ಇತ್ತು. ನನಗೆ ಓದಕ್ಕೆ ಬರಲ್ಲ."

ಅಮ್ಮ ಮಗಳ ಕಡೆ ತಿರುಗಿದಳು. ಮುಖ್ಯೋಪಾಧ್ಯಾಯಿನಿ ನಕ್ಕರು. "ಅವರನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯಾ? ಒಳ್ಳೆ ಮನಸ್ಸು. ಆದ್ರೆ ಓದಕ್ಕೆ ಬರದೇ ಇಲ್ಲಿವರೆಗೆ ಬರಕ್ಕಾಗತ್ತಾ?" ಮೇಜಿನ ಮೇಲಿದ್ದ ಪಠ್ಯಪುಸ್ತಕದ ಒಂದು ಪುಟ ತೆರೆದು ಮುಂದೆ ತಳ್ಳಿದರು. "ಓದು ನೋಡೋಣ."

ಪುಟದ ಮೇಲೊಂದು ಆಮೆಯ ಚಿತ್ರ. ಆ ಚಿತ್ರದ ಪಾಠವೆಲ್ಲ ಗಿಳಿಯ ನಾಲಗೆಯ ತುದಿಯಲ್ಲೇ ಇತ್ತು, ಅಣ್ಣನ ದನಿಯಲ್ಲಿ, ಅವನು ಉಸಿರೆಳೆದುಕೊಂಡ ಜಾಗಗಳ ಸಮೇತ. ಬಾಯಿ ಬಿಟ್ಟರೆ ಸಾಕು, ಗೆಲ್ಲುತ್ತಾಳೆ. ಗೆದ್ದರೆ ಹೊರಗೆ ಬೆಂಚಿನ ಮೇಲೆ ಕೂತವರು ಸೋಲುತ್ತಾರೆ.

ಪುಸ್ತಕವನ್ನು ಮುಚ್ಚಿದಳು. "ಇದು ಬಾಯಿಪಾಠ ಆಗಿದೆ ಮಿಸ್. ನಾನು ಕೇಳದೇ ಇರೋದು ಕೊಡಿ."

ಮುಖ್ಯೋಪಾಧ್ಯಾಯಿನಿ ಪೇಪರ್‌ವೇಟ್ ಅಡಿಯಿಂದ ಪಾಲಕರಿಗೆ ಕಳಿಸುವ ಸುತ್ತೋಲೆಯೊಂದನ್ನು ಎಳೆದು ಕೊಟ್ಟರು. ಗಿಳಿ ಬೆರಳಿಟ್ಟು ಶುರುಮಾಡಿದಳು.

"ಪಾ... ಲ... ಕ... ಪಾಲಕ್... ಪಾಲ... ಸ... ಬೆ..."

ಕಿವಿ ಕಾದವು. ಕಣ್ಣೀರು ತುಂಬಿ ಇದ್ದ ಅಕ್ಷರವೂ ಕಲಸಿಹೋಯಿತು. ಎರಡನೇ ಸಾಲಿಗೆ ಬರುವ ಹೊತ್ತಿಗೆ ಅಮ್ಮ ಎದ್ದು ಬಂದು ಹಾಳೆಯ ಮೇಲೆ ಅಂಗೈ ಇಟ್ಟಳು. "ಸಾಕು, ಬಿಡು ಕಂದಾ."

ಅಟೆಂಡರ್ ಕೆಲಸ ಉಳಿಯಿತು. ಶಾಲೆಯಲ್ಲಿ ಗಿಳಿಯ ಜಾಗ ತೂಗುಯ್ಯಾಲೆಯಾಯಿತು. "ನಮ್ಮನ್ನ ಇಷ್ಟು ವರ್ಷ ಏಮಾರಿಸಿದಾಳೆ" ಎಂದರು ಮುಖ್ಯೋಪಾಧ್ಯಾಯಿನಿ. ಕಲಿಕೆಯ ತೊಂದರೆ ಇರುವ ಮಕ್ಕಳ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿಯವರು ಒಳ್ಳೆಯವರೇ. ಅಕ್ಷರಕ್ಕೆ ಸದ್ದು ಕಟ್ಟಿ, ಮರಳಿನ ಮೇಲೆ ತಿದ್ದಿಸಿ, ಪದವನ್ನು ತುಂಡು ತುಂಡಾಗಿ ಹಿಡಿಯುವುದನ್ನು ಕಲಿಸಿದರು. ಆದರೆ ಅಕ್ಷರ ಬಾರದ ಮಗುವಿಗೆ ಲೆಕ್ಕವೂ ಬಾರದು ಎಂದುಕೊಂಡು ಏಳೂ ಐದೂ ಕೂಡಿಸಲು ಕೊಟ್ಟರು. ಕೆಲವೇ ವಾರದಲ್ಲಿ ಗಿಳಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಅಪ್ಪ ರೈಲಿನ ಸುದ್ದಿ ತೆಗೆದರೂ "ಹೂಂ" ಎನ್ನುತ್ತಿದ್ದಳು ಅಷ್ಟೇ. ಅಮ್ಮನಿಗೆ ಭಯ ಹುಟ್ಟಿದ್ದು ಆಗ.

ಅರ್ಧ ದಿನ ರಜೆ ಹಾಕಿ, ಹೊಲಿಗೆಯ ದಾರದೆಳೆಗಳು ಸೀರೆಗೆ ಅಂಟಿದ್ದ ಹಾಗೇ ಅವಳು ಮತ್ತೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದಳು. "ಮೇಡಂ, ಕಾಲು ಕುಂಟು ಅಂತ ತಲೆಗೂ ಕಟ್ಟು ಹಾಕ್ತಾರಾ? ಅಲ್ಲಿ ಓದು ಕಲೀತಾಳೆ, ಯೋಚನೆ ಮಾಡೋದು ಮರೀತಾಳೆ. ಎರಡೂ ಒಂದೇ ಕಡೆ ಕೊಡಕ್ಕಾಗಲ್ವಾ?"

"ಹಾಗೆ ಮಾಡಿದ ಪದ್ಧತಿ ಇಲ್ಲವಮ್ಮ."

ಆಗ ಅಲ್ಲೇ ಕೂತಿದ್ದ ವಿಜ್ಞಾನದ ಮೇಡಂ ಬಾಯಿ ಹಾಕಿದರು. "ಪದ್ಧತಿ ಇಲ್ಲ ಅಂತಾನೇ ಆ ಮಗು ಇಷ್ಟು ದಿನ ಬಚ್ಚಿಟ್ಕೊಂಡಿದ್ದು. ಪರೀಕ್ಷೆವರೆಗೆ ಒಂದು ಅವಧಿ ನನಗೆ ಬಿಡಿ. ಆಗಲಿಲ್ಲ ಅಂದ್ರೆ ನಾನೇ ಕರ್ಕೊಂಡು ಹೋಗಿ ಅಲ್ಲಿ ಬಿಟ್ಟು ಬರ್ತೀನಿ."

ಗಿಳಿ ಮರಳಿದಳು. ದಿನಕ್ಕೊಂದು ಗಂಟೆ ಲೈಬ್ರರಿ ಪಕ್ಕದ ಸಣ್ಣ ಕೋಣೆಯಲ್ಲಿ, ಕೇಂದ್ರದಿಂದ ಬರುವ ಟೀಚರ್ ಜೊತೆ ಅಕ್ಷರ. ಉಳಿದ ಹೊತ್ತು ತನ್ನ ತರಗತಿ. ಪರೀಕ್ಷೆಗೆ ಬೇರೆ ಕೋಣೆ, ಪ್ರಶ್ನೆ ಓದಿ ಹೇಳುವವರೊಬ್ಬರು. ಕೆಲವು ಪಾಲಕರು ಗಲಾಟೆ ಎಬ್ಬಿಸಿದರು: "ನಮ್ಮ ಮಕ್ಕಳಿಗೂ ಓದಿ ಹೇಳಿ ಹಾಗಾದ್ರೆ!" ಸುಟ್ಟ ಮಣಿಕಟ್ಟಿನ ಹುಡುಗಿ ಬೆಂಚು ಬದಲಾಯಿಸಿದಳು. ಗಿಳಿ ಕ್ಷಮೆ ಕೇಳಿದಾಗ, "ನಿಂಗೆ ಗೊತ್ತಿತ್ತಲ್ವಾ, ಓದಕ್ಕೆ ಬರಲ್ಲ ಅಂತ? ನಂಗಾದ್ರೂ ಹೇಳ್ಬಹುದಿತ್ತು" ಎಂದಳು.

ಆ ಅವಧಿಯ ಕೊನೆಯ ಪರೀಕ್ಷೆಯ ದಿನ ಗಿಳಿ ಬೆಳಿಗ್ಗೆ ಏನೂ ತಿನ್ನಲಿಲ್ಲ. ಇದರಲ್ಲಿ ಹೋದರೆ ಎಲ್ಲ ಹೋಯಿತು. ಬೇರೆ ಕೋಣೆಯಲ್ಲಿ ಅಪರಿಚಿತರೊಬ್ಬರು ನಿರ್ಭಾವದಿಂದ ಪ್ರಶ್ನೆ ಓದಿದರು. "ಇನ್ನೊಂದು ಸಲ" ಎಂದಳು. ಓದಿದರು. ಕೈ ಎತ್ತಿ ನಾಟಕವಾಡಬೇಕಿರಲಿಲ್ಲ, ಯಾರ ಮುಖವನ್ನೂ ಕದ್ದು ನೋಡಬೇಕಿರಲಿಲ್ಲ. ಬಚ್ಚಿಡುವುದಕ್ಕೆ ಖರ್ಚಾಗುತ್ತಿದ್ದ ಅರ್ಧ ತಲೆ ಏಕಾಏಕಿ ತನ್ನ ಕೈಗೇ ವಾಪಸು ಬಂದಂತಾಯಿತು. ಗಣಿತ, ವಿಜ್ಞಾನಗಳಲ್ಲಿ ಇಡೀ ಶಾಲೆಗೆ ಮೊದಲಿಗಳಾದಳು. ಭಾಷೆಯಲ್ಲಿ ಕೂದಲೆಳೆಯಲ್ಲಿ ಪಾಸು. ಮುಖ್ಯೋಪಾಧ್ಯಾಯಿನಿ ಅಂಕಪಟ್ಟಿಗೆ ಸಹಿ ಹಾಕಿ, "ಮುಂದಿನ ಅವಧಿಗೂ ಇರಲಿ" ಎಂದರಂತೆ. ಶಾಲೆ ಬಿಡುವವರೆಗೂ ಗಿಳಿಯದು ಅವಧಿಯಿಂದ ಅವಧಿಗೆ ಸಿಕ್ಕ ಜಾಗವೇ ಆಗಿತ್ತು.

ಈಗ ಅವಳು ಊರಿಗೆ ನೀರು ಹರಿಸುವ ಕೊಳವೆಗಳ ಸೋರಿಕೆ ಪತ್ತೆಹಚ್ಚುವ ಇಂಜಿನಿಯರ್. ಓದು ಬಂದಿದೆ, ಆದರೆ ನಿಧಾನ. ಇವತ್ತಿಗೂ ಉದ್ದನೆಯ ಪದದ ಮುಂದೆ ಒಂದು ಕ್ಷಣ ನಿಲ್ಲುತ್ತಾಳೆ. ಕೆಲಸಕ್ಕೆ ಹೊಸದಾಗಿ ಸೇರಿದವರು ವರದಿ ತಂದು ಮೇಜಿನ ಮೇಲಿಟ್ಟರೆ, ಕುರ್ಚಿ ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾಳೆ: "ನನಗೆ ಓದೋದು ನಿಧಾನ. ನೀವು ಜೋರಾಗಿ ಓದಿ. ಎಲ್ಲಿ ಸೋರ್ತಿದೆ ಅಂತ ನಾನು ಹೇಳ್ತೀನಿ."