ದೋಣಿಗೆ ಹಾಕಿದ ನೀಲಿ

ಗೆಳೆಯರೇ, ನನಗೆ ತಲೆ ಕೆಟ್ಟಿದೆ ಎಂದು ಇವತ್ತು ಕುಮಾರಪಟ್ಟಣದ ಹೊಳೆದಂಡೆಯಲ್ಲಿ ಇಬ್ಬರು ತೀರ್ಮಾನಿಸಿದರು. ಒಬ್ಬ ಮೈದುನ ಬಸಣ್ಣ, ಇನ್ನೊಬ್ಬ ರಾಣೆಬೆನ್ನೂರಿನ ಮೆಕ್ಯಾನಿಕ್ ರಾಜೇಸಾಬ.

ನನ್ನ ಯಜಮಾನರು ತೀರಿಕೊಂಡ ಮೇಲೆ, ಅವರು ಜನರನ್ನು ಹೊಳೆ ದಾಟಿಸುತ್ತಿದ್ದ ಮೋಟಾರು ದೋಣಿ ದಡದ ಮೇಲೆಯೇ ನಿಂತಿತ್ತು. ಹಿಂದಿನ ಹಲಗೆಗೆ ಮೋಟಾರು ಕೂರಿಸುವ ಬ್ರಾಕೆಟ್ ಇದೆಯಲ್ಲ, ಅಲ್ಲಿಂದ ನೀರು ಒಳಗೆ ಬರುತ್ತಿತ್ತು. ಹೊರಗಿನಿಂದ ಎಷ್ಟು ಡಾಂಬರು ಬಳಿದರೂ ನಿಲ್ಲಲಿಲ್ಲ.

"ಮಾರಿಬಿಡೂನು ವೈನಿ. ನಾಳೆ ಗಿರಾಕಿ ಬರ್ತಾನ" ಎಂದ ಬಸಣ್ಣ.

ನಾನು ದೋಣಿಯ ಹಿಂಭಾಗದೊಳಗೆ ನೀರು ಸುರಿಯತೊಡಗಿದೆ.

"ಅಕ್ಕಾರ, ನೀರು ಹೊರಗಿಂದ ಒಳಗ ಬರೂದ್ರಿ! ನೀವು ಒಳಗ ತುಂಬಾಕತ್ತೀರಲ್ರಿ?" ಎಂದು ರಾಜೇಸಾಬ ನಕ್ಕ.

"ಬಂದ ದಾರೀಲೇ ಹೊರಗ ಹೋಗತೈತಿ. ನೋಡಕೋಂತ ಕುಂದ್ರಿ."

ಯಜಮಾನರ ಬಿಳಿ ಧೋತರಕ್ಕೆ ಹಾಕುತ್ತಿದ್ದ ನೀಲಿ ಪುಡಿ ಮನೆಯಲ್ಲಿ ಹಾಗೇ ಉಳಿದಿತ್ತು. ಇನ್ನು ಯಾರ ಧೋತರಕ್ಕೆ? ಅಷ್ಟನ್ನೂ ತಂದು ಆ ನೀರಿಗೆ ಕಲಸಿದೆ. ಸ್ವಲ್ಪ ಹೊತ್ತಿಗೆ ಹೊರಗೆ, ಬ್ರಾಕೆಟ್ಟಿನ ಕೆಳಗಿನ ಎಡ ಬೋಲ್ಟಿನಿಂದ ನೀಲಿ ಗೆರೆ ಇಳಿಯಿತು. ಉಳಿದ ಬೋಲ್ಟುಗಳು ಒಣಗಿಯೇ ಇದ್ದವು.

ರಾಜೇಸಾಬ ನೀರು ಖಾಲಿ ಮಾಡಿ ಆ ಬೋಲ್ಟ್ ಬಿಚ್ಚಿದ. ವಾಶರ್ ಹರಿದಿತ್ತು. ಹೊಸದು ಹಾಕಿ, ತೂತಿಗೆ ಡಾಂಬರು ತುಂಬಿ ಬಿಗಿದ. ಸಂಜೆ ದೋಣಿ ಹೊಳೆಗಿಳಿಸಿ ಆಚೆ ದಡದ ತನಕ ನಾನೇ ನಡೆಸಿದೆ. ಯಜಮಾನರು ಕಲಿಸಿದ್ದು ಮರೆತಿರಲಿಲ್ಲ. ಒಳಗೆ ಒಂದು ಹನಿಯೂ ಬರಲಿಲ್ಲ.

"ಗಿರಾಕಿಗೆ ಏನ್ ಹೇಳ್ಲಿ ವೈನಿ?" ಎಂದ ಬಸಣ್ಣ.

"ಬರ್ಲಿ. ಆಚೀ ದಂಡಿಗೆ ಬಿಟ್ಟು ಬರ್ತೇನಿ. ಟಿಕೀಟ್ ತಗಸಬೇಕಷ್ಟ."