ಇಲ್ಲದ ಕೊಟ್ಟಿಗೆಯ ಬಳಿ ಎಡಕ್ಕೆ

ನನ್ನ ತಂಗಿ ದಾರ್ಕಾಳ ಮದುವೆಯ ದಿನ ಬೆಳಿಗ್ಗೆ ಪಿಟೀಲಿನ ನೆಸ್ತೋರ್ ಕಣಜದ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ನಮ್ಮ ಹುಲ್ಲುಬಯಲಿನ ಊರುಗಳಲ್ಲಿ ಪಾದ್ರಿ ತಡವಾದರೆ ಜನ ಕಾಯುತ್ತಾರೆ. ಪಿಟೀಲಿಲ್ಲದೆ ಮದುವೆಯಾದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ರೆಕಾರ್ಡು ಹಾಕಿಬಿಡೋಣ," ಎಂದಳು ವರನ ತಾಯಿ.

"ರೆಕಾರ್ಡು ಹಾಕಿದ್ರೆ ಮದುವೆ ಅಲ್ಲಮ್ಮ, ತಿಥಿ ಊಟ," ಎಂದ ನಮ್ಮಪ್ಪ ಸ್ತೆಪಾನ್.

ದಾರ್ಕಾ ಅಳುತ್ತಲೇ ಮೊರಾಗ್‌ಳ ಹೆಸರು ಹೇಳಿದಳು. ಸಸ್ಕಟೂನ್ ಪಟ್ಟಣದಲ್ಲಿ ದಾರ್ಕಾ ಬಾಡಿಗೆಗಿದ್ದ ಮನೆಯೊಡತಿಯ ತಾಯಿ, ಮುದುಕಿ. ದೂರದ ಪೂರ್ವ ಕರಾವಳಿಯ ಕೇಪ್ ಬ್ರೆಟನ್ ದ್ವೀಪದ ಮೀನುಗಾರನ ಮನೆಯಲ್ಲಿ ಹುಟ್ಟಿದವಳು, ಕಳೆದ ಚಳಿಗಾಲದಲ್ಲಷ್ಟೇ ಮಗಳ ಜೊತೆಗಿರಲು ಬಂದವಳು. ಗಂಡ ಸತ್ತ ಮೇಲೆ ಗಾಡಿ ಕಲಿತವಳು ಮಾರ್ಕೆಟ್ಟು, ಚರ್ಚು ಬಿಟ್ಟು ಆಚೆ ಓಡಿಸಿರಲಿಲ್ಲ. ಪಿಟೀಲು ಹಿಡಿದರೆ ಮಾತ್ರ ಕುರ್ಚಿಯಲ್ಲಿ ಯಾರೂ ಸುಮ್ಮನೆ ಕೂರಲಾರರಂತೆ.

ಅಪ್ಪ ಅವಳಿಗೆ ಫೋನ್ ಮಾಡಿ ಒಪ್ಪಿಸಿ ದಾರಿ ಹೇಳಿದ: "ಹೆದ್ದಾರಿ ಬಿಟ್ಟು ಮಣ್ಣುರಸ್ತೆಗೆ ಇಳೀರಿ. ಕೊಸ್ತಿವ್ ಮನೆಯವರ ಕೊಟ್ಟಿಗೆ ಹತ್ರ ಎಡಕ್ಕೆ, ಶಾಲೆ ಹತ್ರ ಬಲಕ್ಕೆ. ಕಣ್ಮುಚ್ಚಿಕೊಂಡು ಬರಬಹುದು."

ಫೋನಿಟ್ಟು ಸ್ವಲ್ಪ ಹೊತ್ತಾದ ಮೇಲೆ, ಮದುವೆ ಊಟಕ್ಕೆ ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತುತ್ತಿದ್ದ ಅಮ್ಮ ತಲೆಯೆತ್ತಿದಳು. "ಅಲ್ರೀ, ಆ ಕೊಟ್ಟಿಗೆ ಸುಟ್ಟು ಬೂದಿಯಾಗಿ ಎಷ್ಟು ಕಾಲ ಆಯ್ತು? ಶಾಲೆ ಎಲ್ಲಿದೆ? ಮರದ ಕಟ್ಟಡನ ಇಡಿಯಾಗಿ ಚಕ್ರದ ಮೇಲೆ ಹೇರಿಕೊಂಡು ಬೇರೆ ಊರಿಗೆ ಹೋದ್ರಲ್ಲ!"

ನಮ್ಮ ಕಣ್ಣಿಗೆ ಅವೆರಡೂ ಇನ್ನೂ ಅಲ್ಲೇ ನಿಂತಿವೆ, ಏನು ಮಾಡುವುದು! ಮತ್ತೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೊರಾಗ್ ಹೊರಟಾಗಿತ್ತು.

ಮುಂದಿನದನ್ನು ಅವಳೇ ನಮಗೆ ಹೇಳಿದ್ದು. ಎಷ್ಟು ಹೋದರೂ ಗೋಧಿ, ಹುಲ್ಲು, ಆಕಾಶ. ಅವಳ ದ್ವೀಪದಲ್ಲಿ ದಾರಿ ತಪ್ಪಿದರೆ ಸಮುದ್ರವಾದರೂ ಸಿಗುತ್ತಿತ್ತು, ಇಲ್ಲಿ ಏನೂ ಸಿಗಲೊಲ್ಲದು. ಭಯವಾಗಿ ಗಾಡಿ ನಿಲ್ಲಿಸಿದಳು. ವಾಪಸು ಹೋಗೋಣ ಎನ್ನಿಸಿತಂತೆ. ಅಷ್ಟರಲ್ಲಿ ಟ್ರ್ಯಾಕ್ಟರಿನವನೊಬ್ಬ ಬಂದ.

"ಕೊಸ್ತಿವ್ ಕೊಟ್ಟಿಗೆನಾ? ದಾಟಿ ಬಂದ್ರಲ್ಲ ತಾಯಿ! ಕಾಣಲಿಲ್ವಾ?"

"ಇಲ್ಲವಲ್ಲಪ್ಪಾ."

"ಹೆಂಗೆ ಕಾಣುತ್ತೆ, ಸುಟ್ಟೋಯ್ತಲ್ಲ!" ಎಂದು ನಕ್ಕು ಅವನು ಹೋಗಿಯೇಬಿಟ್ಟ.

ಮೊರಾಗ್‌ಗೆ ರೇಗಿಹೋಯಿತು. ಸಿಟ್ಟಿನಲ್ಲಿ ಭಯ ಮರೆತುಹೋಯಿತು. ಈ ಜನ ಸತ್ತುಹೋದ ಗುರುತುಗಳನ್ನೇ ಹೇಳುವವರಾದರೆ ತಾನೂ ಅವನ್ನೇ ಹುಡುಕುತ್ತೇನೆ ಎಂದು ಗಾಡಿ ತಿರುಗಿಸಿದಳು. ಗೋಧಿಯ ನಟ್ಟನಡುವೆ ಲೈಲಾಕ್ ಗಿಡವೊಂದು ಮೈತುಂಬ ಹೂಬಿಟ್ಟು ನಿಂತಿತ್ತು. ಹೊಲದ ಮಧ್ಯೆ ಹೂಗಿಡ ಯಾರು ನೆಡುತ್ತಾರೆ? ಯಾರದೋ ಮನೆಬಾಗಿಲು ಇಲ್ಲಿತ್ತು, ಹಾಗಾದರೆ ಕೊಟ್ಟಿಗೆಯೂ ಇಲ್ಲೇ. ಮೊದಲು ಬಂದ ದಿಕ್ಕಿಗೆ ಎಡ ಯಾವುದೆಂದು ಲೆಕ್ಕ ಹಾಕಿ ಆ ಕಡೆ ತಿರುಗಿದಳು. ಆಮೇಲೆ ಮೂರು ಕಡೆ ಸಾಲುಮರ, ನಡುವೆ ಬರೀ ಹುಲ್ಲು, ಮೂಲೆಯಲ್ಲಿ ತುಕ್ಕು ಹಿಡಿದ ಉಯ್ಯಾಲೆಯ ಕಂಬ. "ಶಾಲೆ!" ಎಂದು ಒಬ್ಬಳೇ ಕೂಗಿಕೊಂಡು ಬಲಕ್ಕೆ ತಿರುಗಿಸಿದಳಂತೆ.

ಇಲ್ಲಿ ಊಟ ಮುಗಿದಿತ್ತು. ವರನ ತಾಯಿ ರೆಕಾರ್ಡು ಪ್ಲೇಯರು ತರಿಸಿ ಮೇಜಿನ ಮೇಲಿಡಿಸಿದ್ದಳು. ದಾರ್ಕಾ ತಟ್ಟೆ ಮುಟ್ಟಿರಲಿಲ್ಲ. ಆಗ ಸಭಾಂಗಣದ ಬಾಗಿಲಲ್ಲಿ ತಲೆಯಿಂದ ಕಾಲಿನವರೆಗೂ ಧೂಳು ಮೆತ್ತಿಕೊಂಡ ಮುದುಕಿಯೊಬ್ಬಳು ನಿಂತಳು, ಕಂಕುಳಲ್ಲಿ ಪಿಟೀಲಿನ ಪೆಟ್ಟಿಗೆ.

ಅಪ್ಪ ಓಡಿಹೋಗಿ, "ದಾರಿ ಸಿಕ್ತಾ ಅಕ್ಕಾ?" ಎಂದ, ಮುಖ ಸಣ್ಣದು ಮಾಡಿಕೊಂಡು.

"ಇಲ್ಲದ ಕೊಟ್ಟಿಗೆ ಹತ್ರ ಎಡಕ್ಕೆ, ಇಲ್ಲದ ಶಾಲೆ ಹತ್ರ ಬಲಕ್ಕೆ ತಿರುಗಿ ಬಂದಿದೀನಿ ಪುಣ್ಯಾತ್ಮ. ಮದುವೆಯಾದ್ರೂ ಇದೆಯೋ, ಅದೂ ಸುಟ್ಟೋಯ್ತೋ?"

ಸಭಾಂಗಣವೇ ಗೊಳ್ಳೆಂದು ನಕ್ಕಿತು. ಅವಳು ನೀರೂ ಕುಡಿಯಲಿಲ್ಲ, ಪೆಟ್ಟಿಗೆ ತೆರೆದಳು. ನಮ್ಮ ಹಾಡು ಅವಳಿಗೆ ಒಂದೂ ಬರುತ್ತಿರಲಿಲ್ಲ. ತನ್ನ ದ್ವೀಪದ್ದನ್ನೇ ನುಡಿಸಿದಳು. ಅಕಾರ್ಡಿಯನ್ನಿನ ಪೆತ್ರೋ ಮಾವ ಮೊದಲು ತಡವರಿಸಿದ, ಆಮೇಲೆ ಅವಳ ಹಿಂದೆ ಬಿದ್ದು ಹಿಡಿದೇಬಿಟ್ಟ. ವರನ ತಾಯಿಯೇ ಮೊದಲು ಎದ್ದು ಕುಣಿದಳು. ಬೆಳಗಿನಿಂದ ಅತ್ತಿದ್ದ ನನ್ನ ತಂಗಿ ಕುಣಿತದ ನಡುವೆ ಒಂದು ಚಪ್ಪಲಿ ಕಳೆದುಕೊಂಡಳು. ಅದನ್ನು ಹುಡುಕಲು ನಿಲ್ಲಲೇ ಇಲ್ಲ.